ಅಂತಿಗೊನೆಯ ತಾಯಿ ಯಾರು? ಗ್ರೀಕ್ ಪುರಾಣದ ವಂಶಾವಳಿಗಳನ್ನು ಕುರಿತು

ಸೊಫೊಕ್ಲೀಸನ ಈಡಿಪಸ್ ಮತ್ತು ಅಂತಿಗೊನೆ ನಾಟಕಗಳನ್ನು ಪಿ. ಲಂಕೇಶರ ಅನುವಾದದಲ್ಲಿ ಓದಿದವರು, ರಂಗದ ಮೇಲೆ ಕಂಡವರು ಈ ಸಭೆಯಲ್ಲಿ ಹಲವರಿದ್ದೀರಿ. ಅಂತಿಗೊನೆಯ ತಾಯಿ ಯಾರು ಎಂದು ಕೇಳಿದರೆ ಯೊಕಾಸ್ಟೆ ಎಂದು ನೀವು ತಡವರಿಸದೆ ಹೇಳುತ್ತೀರಿ. ಈಡಿಪಸ್ ಅರಿಯದೆ ತಂದೆಯನ್ನು ಕೊಂದ, ಅರಿಯದೆ ತಾಯಿಯನ್ನೇ ಮದುವೆಯಾದ, ಅವಳಲ್ಲಿ ಎಟಿಯೊಕ್ಲೀಸ್ ಮತ್ತು ಪಾಲಿನೈಸೀಸ್ ಎಂಬ ಇಬ್ಬರು ಗಂಡುಮಕ್ಕಳನ್ನೂ ಅಂತಿಗೊನೆ ಮತ್ತು ಇಸ್ಮೆನೆ ಎಂಬ ಇಬ್ಬರು ಹೆಣ್ಣುಮಕ್ಕಳನ್ನೂ ಪಡೆದ. ಕಥೆ ನಮಗೆ ಗೊತ್ತಿರುವುದು ಹೀಗೆ. ಆದರೆ ಪ್ರಾಚೀನ ಗ್ರೀಸಿನಲ್ಲಿ ಇದೇ ಪ್ರಶ್ನೆಗೆ ಯೂರಿಗನೇಯಾ ಎಂದು ಉತ್ತರ ಕೊಡುವವರಿದ್ದರು. ಅವಳು ಹೈಪರ್ಫಾಸ್ ಎಂಬವನ ಮಗಳು, ಈಡಿಪಸನ ಇನ್ನೊಬ್ಬ ಹೆಂಡತಿ. ಈ ನಾಲ್ವರು ಮಕ್ಕಳೂ ಅವಳವರು, ಯೊಕಾಸ್ಟೆಯವರಲ್ಲ ಎಂಬುದು ಅವರ ಪಾಠ.

ಈ ಪಾಠವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಮುಖ್ಯನಾದವನು. ಅವನು ಬರಿಯ ಕೇಳಿಕೆಯನ್ನು ದಾಖಲಿಸಿ ಸುಮ್ಮನಾಗುವುದಿಲ್ಲ, ವಾದ ಮಾಡುತ್ತಾನೆ. ಒಡಿಸ್ಸಿಯ 11ನೆಯ ಸರ್ಗದಲ್ಲಿ ಒಡಿಸ್ಯೂಸ್ ಪಾತಾಳದಲ್ಲಿ ಈಡಿಪಸನ ತಾಯಿಯನ್ನು ಕಾಣುತ್ತಾನೆ. ಹೋಮರ್ ಅವಳನ್ನು ಎಪಿಕಾಸ್ಟೆ ಎಂದು ಕರೆಯುತ್ತಾನೆ. ಮಗನನ್ನು ಮದುವೆಯಾದಳೆಂದೂ ದೇವತೆಗಳು ಕೂಡಲೇ ಆ ವಿಷಯವನ್ನು ಜನರಿಗೆ ತಿಳಿಯುವಂತೆ ಮಾಡಿದರೆಂದೂ ಅವಳು ನೇಣು ಹಾಕಿಕೊಂಡಳೆಂದೂ ಹೇಳುತ್ತಾನೆ. ಪೌಸೇನಿಯಸ್ ಆ ‘ಕೂಡಲೇ’ಯನ್ನು ಹಿಡಿದುಕೊಳ್ಳುತ್ತಾನೆ. ವಿಷಯ ಕೂಡಲೇ ಬಯಲಾಗಿದ್ದರೆ ನಾಲ್ಕು ಮಕ್ಕಳು ಹುಟ್ಟುವಷ್ಟು ಕಾಲ ಎಲ್ಲಿತ್ತು? ಆದ್ದರಿಂದ ಮಕ್ಕಳ ತಾಯಿ ಯೂರಿಗನೇಯಾ ಎಂದು ತೀರ್ಮಾನಿಸಿ, ಈಡಿಪೋಡಿಯ ಎಂಬ, ಈಗ ಕಳೆದುಹೋಗಿರುವ ಹಳೆಯ ಕಾವ್ಯದ ಸಾಕ್ಷ್ಯವನ್ನು ಮುಂದಿಡುತ್ತಾನೆ. ಅಷ್ಟಕ್ಕೇ ಬಿಡದೆ, ಪ್ಲಟೀಯ ಊರಿನಲ್ಲಿ ಒನಾಸಿಯಾಸ್ ಎಂಬ ಚಿತ್ರಕಾರನ ಕೃತಿಯೊಂದನ್ನು ನೆನೆಯುತ್ತಾನೆ. ಅಣ್ಣತಮ್ಮಂದಿರು ಥೀಬ್ಸ್ ನಗರಕ್ಕಾಗಿ ಕಾದಾಡುತ್ತಿರುವಾಗ ತಲೆ ತಗ್ಗಿಸಿ ದುಃಖಿಸುತ್ತಿರುವ ಯೂರಿಗನೇಯಾ ಆ ಚಿತ್ರದಲ್ಲಿದ್ದಳು. ಅಂದರೆ ಪ್ಲಟೀಯದಲ್ಲಿ ಆ ಚಿತ್ರದ ಮುಂದೆ ನಿಂತವರಿಗೆ ಅಂತಿಗೊನೆಯ ತಾಯಿ ಯಾರೆಂಬುದು ಗೋಡೆಯ ಮೇಲೆಯೇ ಕಾಣುತ್ತಿತ್ತು, ಮತ್ತು ಅದು ಯೊಕಾಸ್ಟೆಯಾಗಿರಲಿಲ್ಲ.

ಕ್ರಿ.ಪೂ. 5ನೆಯ ಶತಮಾನದಲ್ಲಿ ಅಥೆನ್ಸಿನ ಫೆರೆಸಿಡೀಸ್ ಎಂಬ ವಂಶಾವಳಿಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ಪ್ರಕಾರ ಯೊಕಾಸ್ಟೆಯಲ್ಲಿ ಹುಟ್ಟಿದವರು ಫ್ರಾಸ್ಟರ್ ಮತ್ತು ಲೇಯೊನೈಟಸ್ ಎಂಬ ಇಬ್ಬರು. ಅವರು ಯುದ್ಧದಲ್ಲಿ ಸತ್ತರು. ಆಮೇಲೆ ಯೂರಿಗನೇಯಾಳಲ್ಲಿ ನಾಲ್ವರು ಹುಟ್ಟಿದರು. ಅವಳೂ ತೀರಿಕೊಂಡ ಮೇಲೆ ಈಡಿಪಸ್ ಅಸ್ಟಿಮೆಡೂಸಾ ಎಂಬ ಮೂರನೆಯವಳನ್ನು ಮದುವೆಯಾದ. ಇಲ್ಲಿ ನಡೆದಿರುವುದನ್ನು ಗಮನಿಸಿ. ತಾಯಿಯಲ್ಲಿ ಹುಟ್ಟಿದ ಮಕ್ಕಳು ಇದ್ದರೆಂಬ ಕಥೆಯನ್ನು ಆತ ಬಿಡುವುದಿಲ್ಲ, ಆದರೆ ಆ ಕುಡಿಗಳು ಮುಂದೆ ಬೆಳೆಯದಂತೆ ಅಲ್ಲೇ ಚಿವುಟುತ್ತಾನೆ. ಮುಂದಿನ ಸಂತತಿಗೆ ಆ ಕಳಂಕ ತಗಲುವುದಿಲ್ಲ.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತು? ಪಾಲಿನೈಸೀಸನಿಗೆ ಥರ್ಸಾಂಡರ್ ಎಂಬ ಮಗನಿದ್ದ. ಅವನ ಸಂತತಿ ತಾವೆಂದು ಹೇಳಿಕೊಳ್ಳುವ ಮನೆತನಗಳು ಚರಿತ್ರೆಯ ಕಾಲದಲ್ಲಿ ಬದುಕಿದ್ದವು. ಸಿಸಿಲಿಯ ಅಕ್ರಗಾಸ್ ನಗರವನ್ನು ಆಳುತ್ತಿದ್ದ ಥೆರಾನ್ ಅಂಥವನು. ಕ್ರಿ.ಪೂ. 476ರಲ್ಲಿ ಒಲಿಂಪಿಯದ ರಥಸ್ಪರ್ಧೆಯಲ್ಲಿ ಅವನು ಗೆದ್ದಾಗ ಕವಿ ಪಿಂಡಾರ್ ಅವನಿಗಾಗಿ ರಚಿಸಿದ ಹಾಡಿನಲ್ಲಿ ಈಡಿಪಸ್ ತಂದೆಯನ್ನು ಕೊಂದದ್ದು ಬರುತ್ತದೆ, ಅಣ್ಣತಮ್ಮಂದಿರು ಪರಸ್ಪರ ಕೊಂದುಕೊಂಡದ್ದು ಬರುತ್ತದೆ, ಥರ್ಸಾಂಡರ್ ಉಳಿದದ್ದು ಬರುತ್ತದೆ. ತಾಯಿಯೊಡನೆ ನಡೆದ ಮದುವೆಯ ಮಾತು ಬರುವುದಿಲ್ಲ. ಯೂರಿಗನೇಯಾ ಎಂಬ ಹೆಸರು ಇಂಥ ಮನೆತನಗಳ ಅಗತ್ಯದಿಂದಲೇ ಹುಟ್ಟಿತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ, ಅವಳು ಹಳೆಯ ಕಾವ್ಯದಲ್ಲಿಯೇ ಇದ್ದವಳು. ಆದರೆ ಆ ಪಾಠ ಯಾರಿಗೆ ಹಿತವಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಥೆನ್ಸಿನ ನಾಟಕಕಾರನಿಗೆ ಬೇಕಾದದ್ದು ಇದಕ್ಕೆ ವಿರುದ್ಧವಾದುದು. ಥೀಬ್ಸ್ ಅಥೆನ್ಸಿನ ನೆರೆಯ ಊರು, ಬಹುಕಾಲದ ವೈರಿ. ಅಲ್ಲಿನ ರಾಜಮನೆತನದ ಒಳಗೊಳಗೇ ಸುತ್ತಿಕೊಂಡ ರಕ್ತವೇ ಸೊಫೊಕ್ಲೀಸನ ನಾಟಕದ ಉಸಿರು. ತಾಯಿಯನ್ನು ಬದಲಿಸಿ ನೋಡಿ, ಅಣ್ಣನ ಹೆಣಕ್ಕೆ ಮಣ್ಣು ಹಾಕಲು ಹೊರಡುವ ಅಂತಿಗೊನೆ ಧೀರಳಾದ ಸಾಮಾನ್ಯ ರಾಜಕುಮಾರಿಯಾಗುತ್ತಾಳೆ. ತಂದೆಯೇ ಅಣ್ಣನೂ ಆಗಿದ್ದ ಮನೆಯ ಮಗಳಾಗಿ ಉಳಿಯುವುದಿಲ್ಲ.

ನಾನು ಇಂದು ಹೇಳಬೇಕೆಂದುಕೊಂಡ ಮಾತು ಇದರಲ್ಲಿಯೇ ಇದೆ. ಗ್ರೀಕ್ ಪುರಾಣವನ್ನು ಪರಿಚಯಿಸುವ ಪುಸ್ತಕಗಳ ಕೊನೆಯಲ್ಲಿ ವಂಶವೃಕ್ಷದ ಒಂದು ನಕ್ಷೆ ಇರುತ್ತದೆ. ಪ್ರತಿಯೊಬ್ಬ ದೇವತೆಗೂ ವೀರನಿಗೂ ಒಬ್ಬ ತಂದೆ, ಒಬ್ಬ ತಾಯಿ, ನಡುವೆ ನೇರವಾದ ಗೆರೆಗಳು. ಅಂಥ ನಕ್ಷೆ ಪ್ರಾಚೀನ ಗ್ರೀಕರ ಬಳಿ ಎಂದೂ ಇರಲಿಲ್ಲ. ಎಲ್ಲ ನಗರಗಳೂ ಒಪ್ಪುವ ಒಂದು ಧರ್ಮಗ್ರಂಥ ಅವರಿಗಿರಲಿಲ್ಲ, ಪಾಠವನ್ನು ಕಾಪಾಡುವ ಪುರೋಹಿತವರ್ಗವಿರಲಿಲ್ಲ. ಇದ್ದದ್ದು ಕವಿಗಳು, ನಗರಗಳು, ದೇವಸ್ಥಾನಗಳು, ಮನೆತನಗಳು. ಪ್ರತಿಯೊಬ್ಬರೂ ವಂಶಾವಳಿಯ ಮೂಲಕವೇ ತಮ್ಮ ಮಾತನ್ನು ಹೇಳುತ್ತಿದ್ದರು. ಆದ್ದರಿಂದ ಎರಡು ವಂಶಾವಳಿಗಳು ಭಿನ್ನವಾದಾಗ ಸರಿ ಯಾವುದು, ತಪ್ಪು ಯಾವುದು ಎಂದು ಕೇಳುವುದಕ್ಕಿಂತ, ಇದನ್ನು ಯಾರು, ಎಲ್ಲಿ, ಯಾರೆದುರು ಹೇಳಿದರು ಎಂದು ಕೇಳಿದರೆ ನಮಗೆ ಹೆಚ್ಚು ದಕ್ಕುತ್ತದೆ.

ಮೊದಲು ದೇವತೆಗಳನ್ನೇ ತೆಗೆದುಕೊಳ್ಳೋಣ. ಇಲಿಯಡ್ ಕಾವ್ಯದ 5ನೆಯ ಸರ್ಗದಲ್ಲಿ ಡಯೊಮಿಡೀಸ್ ಎಂಬ ಗ್ರೀಕ್ ವೀರ ಪ್ರಣಯದ ದೇವಿ ಆಫ್ರೊಡೈಟಿಯ ಕೈಗೆ ಭರ್ಜಿಯಿಂದ ಗಾಯ ಮಾಡುತ್ತಾನೆ. ಮಗ ಈನಿಯಸನನ್ನು ರಣರಂಗದಿಂದ ಎತ್ತಿಕೊಂಡು ಹೋಗುತ್ತಿದ್ದ ಅವಳು ಅವನನ್ನು ಕೈಬಿಟ್ಟು, ಅಳುತ್ತ ಒಲಿಂಪಸ್ಸಿಗೆ ಓಡಿ ತಾಯಿ ಡಿಯೋನೆಯ ಮಡಿಲಲ್ಲಿ ಬೀಳುತ್ತಾಳೆ. ಡಿಯೋನೆ ಮಗಳನ್ನು ತೋಳಿನಲ್ಲಿ ಹಿಡಿದು ಮೈದಡವಿ, ಮನುಷ್ಯರಿಂದ ನೋವುಂಡ ದೇವತೆಗಳು ನೀನೊಬ್ಬಳೇ ಅಲ್ಲ ಎಂದು ಹಳೆಯ ಸಂಗತಿಗಳನ್ನು ಹೇಳಿ ಸಮಾಧಾನಪಡಿಸಿ, ಕೈಯಿಂದ ಒಸರುತ್ತಿದ್ದ ದೇವರಕ್ತವನ್ನು ಒರೆಸುತ್ತಾಳೆ. ತಂದೆ, ದೇವತೆಗಳ ಅರಸ ಜ್ಯೂಸ್, ನಗುತ್ತ ಮಗಳನ್ನು ಕರೆದು, ಯುದ್ಧ ನಿನ್ನ ಕೆಲಸವಲ್ಲ, ಮದುವೆಯ ಸಂಗತಿಗಳನ್ನು ನೋಡಿಕೋ ಎನ್ನುತ್ತಾನೆ. ಇದೊಂದು ತುಂಬಿದ ಮನೆಯ ದೃಶ್ಯ. ಹೆಸಿಯಡ್ ಕವಿಯ ದೇವೋತ್ಪತ್ತಿ ಕಾವ್ಯಕ್ಕೆ ಬಂದರೆ ಈ ಮನೆಯೇ ಇಲ್ಲ. ಅಲ್ಲಿ ಕ್ರೋನಸ್ ತನ್ನ ತಂದೆ ಯುರೇನಸನ ಜನನಾಂಗವನ್ನು ಕತ್ತರಿಸಿ ಕಡಲಿಗೆ ಎಸೆಯುತ್ತಾನೆ. ಅದರ ಸುತ್ತ ಎದ್ದ ನೊರೆಯಲ್ಲಿ ಆಫ್ರೊಡೈಟಿ ಬೆಳೆದು, ಸಿಥೆರಾ ದ್ವೀಪದ ಬಳಿಯಿಂದ ಸಾಗಿ ಸೈಪ್ರಸ್ಸಿನಲ್ಲಿ ದಡ ಸೇರುತ್ತಾಳೆ. ಅವಳಿಗೆ ತಾಯಿಯೇ ಇಲ್ಲ, ಮತ್ತು ಅವಳು ಜ್ಯೂಸನಿಗಿಂತ ಒಂದು ತಲೆಮಾರು ಹಿರಿಯಳು.

ಈ ಎರಡು ವಂಶಾವಳಿಗಳು ಕಾಮದ ಬಗ್ಗೆ ಎರಡು ತಿಳಿವಳಿಕೆಗಳು. ಹೋಮರನಲ್ಲಿ ಅದು ತಂದೆಯ ಆಳ್ವಿಕೆಯ ಒಳಗಿರುವ, ಗದರಿಸಿ ತಿದ್ದಬಹುದಾದ ಶಕ್ತಿ. ಹೆಸಿಯಡನಲ್ಲಿ ಜಗತ್ತಿನ ಈಗಿನ ವ್ಯವಸ್ಥೆ ಹುಟ್ಟುವ ಮೊದಲೇ, ಒಂದು ಹಿಂಸೆಯ ಫಲವಾಗಿ ಬಂದ, ಜ್ಯೂಸನೂ ಮೀರಲಾಗದ ಶಕ್ತಿ. ಪ್ಲೇಟೊ ತನ್ನ ಸಿಂಪೋಸಿಯಂ ಸಂವಾದದಲ್ಲಿ ಒಂದು ಪಾತ್ರದ ಬಾಯಿಂದ, ಹಾಗಾದರೆ ಆಫ್ರೊಡೈಟಿಯರು ಇಬ್ಬರಿರಬೇಕು, ಯುರೇನಸನ ಮಗಳು ಉನ್ನತ ಪ್ರೇಮದವಳು, ಡಿಯೋನೆಯ ಮಗಳು ಸಾಮಾನ್ಯ ಪ್ರೇಮದವಳು ಎಂದು ಹೇಳಿಸುತ್ತಾನೆ. ಅದೇ ಸಂವಾದದಲ್ಲಿ ಪ್ರೇಮದೇವತೆ ಈರೋಸನ ಹುಟ್ಟಿನ ಬಗ್ಗೆಯೂ ಮತಭೇದವಿದೆ. ಒಬ್ಬ ಭಾಷಣಕಾರ ಅವನಿಗೆ ತಂದೆತಾಯಿಗಳೇ ಇಲ್ಲವೆನ್ನುತ್ತಾನೆ. ಸಾಕ್ರಟೀಸ್ ತಾನು ಡಿಯೊಟಿಮಾ ಎಂಬಾಕೆಯಿಂದ ಕೇಳಿದ ಕಥೆಯಲ್ಲಿ ಅವನು ಉಪಾಯ ಮತ್ತು ಬಡತನ ಎಂಬ ದಂಪತಿಯ ಮಗ, ಬರಿಗಾಲಿನಲ್ಲಿ ಬಾಗಿಲ ಬಳಿ ಮಲಗುವವನು. ಹಾಸ್ಯನಾಟಕಕಾರ ಅರಿಸ್ಟೊಫೇನೀಸ್ ತನ್ನ ಹಕ್ಕಿಗಳ ನಾಟಕದಲ್ಲಿ ರಾತ್ರಿ ಇಟ್ಟ ಮೊಟ್ಟೆಯಿಂದ ಈರೋಸನನ್ನು ಹೊರತರುತ್ತಾನೆ, ಏಕೆಂದರೆ ಹಕ್ಕಿಗಳು ದೇವತೆಗಳಿಗಿಂತ ಹಳಬರೆಂದು ಅಲ್ಲಿ ತೋರಿಸಬೇಕಾಗಿತ್ತು. ಬಿಲ್ಲು ಹಿಡಿದ ಹುಡುಗ, ಆಫ್ರೊಡೈಟಿಯ ಮಗ ಎಂಬ ನಮಗೆ ಪರಿಚಿತವಾದ ರೂಪ ಇವುಗಳ ನಡುವೆ ಒಂದು ಮಾತ್ರ.

ಭಿನ್ನ ಕವಿಗಳಲ್ಲಿ ಭಿನ್ನ ಪಾಠ ಇರುವುದು ಸಹಜವೆನ್ನಬಹುದು. ಆದರೆ ಒಂದೇ ಕಾವ್ಯದಲ್ಲಿ? ಹೆಸಿಯಡನ ಅದೇ ಕಾವ್ಯದಲ್ಲಿ ವಿಧಿದೇವತೆಗಳಾದ ಮೂವರು ಮೊಯ್ರಾಯ್ ಮೊದಲು ರಾತ್ರಿಯ ಮಕ್ಕಳಾಗಿ, ಸಾವು, ನಿದ್ದೆ, ಕನಸುಗಳ ಒಡಹುಟ್ಟಿದವರಾಗಿ ಬರುತ್ತಾರೆ. ಸುಮಾರು 700 ಸಾಲುಗಳ ನಂತರ ಅವರೇ ಜ್ಯೂಸ್ ಮತ್ತು ಧರ್ಮದೇವತೆ ಥೆಮಿಸ್ ಇವರ ಹೆಣ್ಣುಮಕ್ಕಳು. ಪ್ರಕ್ಷೇಪವೆಂದು ಇದನ್ನು ತಳ್ಳಿಹಾಕಿದ ವಿದ್ವಾಂಸರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಜ್ಯೂಸ್ ಅಧಿಕಾರಕ್ಕೆ ಬರುವ ಮೊದಲಿನ ಜಗತ್ತಿನಲ್ಲಿ ವಿಧಿ ಕತ್ತಲೆಯ ಸಂತಾನ. ಅವನು ಗೆದ್ದು ರಾಜ್ಯವನ್ನು ನೆಲೆಗೊಳಿಸಿದ ಮೇಲೆ ಅದೇ ವಿಧಿ ಅರಸನ ಮತ್ತು ಧರ್ಮದ ಮಗಳಾಗುತ್ತದೆ. ಕಾವ್ಯದ ಇಡೀ ಚಲನೆ ಇರುವುದೇ ಈ ಕಡೆಗೆ. ಕಮ್ಮಾರ ದೇವತೆ ಹೆಫೈಸ್ಟಸನ ವಿಷಯದಲ್ಲಿ ಮಾತ್ರ ನಿಜವಾದ ತೊಡಕಿದೆ. ಜ್ಯೂಸ್ ತನ್ನ ತಲೆಯಿಂದ ಅಥೀನಾಳನ್ನು ಹೆತ್ತದ್ದಕ್ಕೆ ಸಿಟ್ಟಾಗಿ ಅವನ ಹೆಂಡತಿ ಹೆರಾ ಗಂಡಿನ ಸಂಗವಿಲ್ಲದೆ ಹೆಫೈಸ್ಟಸನನ್ನು ಹೆತ್ತಳೆಂದು ಹೆಸಿಯಡ್ ಹೇಳಿದರೆ, ಆ ತಲೆಯನ್ನು ಕೊಡಲಿಯಿಂದ ಸೀಳಿ ಅಥೀನಾ ಹೊರಬರುವಂತೆ ಮಾಡಿದವನೇ ಹೆಫೈಸ್ಟಸ್ ಎಂದು ಪಿಂಡಾರ್ ಹಾಡುತ್ತಾನೆ. ಹೋಮರ್ ಅವನನ್ನು ಜ್ಯೂಸ್ ಮತ್ತು ಹೆರಾ ಇಬ್ಬರ ಮಗನೆಂದು ಭಾವಿಸಿದ್ದ. ಮೂರನ್ನೂ ಒಂದೇ ನಕ್ಷೆಯಲ್ಲಿ ಹಾಕಲು ಬರುವುದಿಲ್ಲ.

ಇನ್ನು ಮನುಷ್ಯರ ಕಡೆಗೆ ಬರೋಣ, ಏಕೆಂದರೆ ವಂಶಾವಳಿಗೆ ಬೆಲೆ ತೆರಬೇಕಾದವರು ಮನುಷ್ಯರು. ವೀರರ ಮತ್ತು ಜನಗಳ ವಂಶಗಳನ್ನೂ ನಗರಗಳು ನೆಲೆಗೊಂಡ ಬಗೆಯನ್ನೂ ಕೇಳುವುದೆಂದರೆ ಸ್ಪಾರ್ಟಾದವರಿಗೆ ಎಲ್ಲಕ್ಕಿಂತ ಇಷ್ಟ ಎಂದು ಪ್ಲೇಟೊನ ಸಂವಾದವೊಂದರಲ್ಲಿ ಹಿಪ್ಪಿಯಾಸ್ ಎಂಬ ಪಂಡಿತ ಹೇಳುತ್ತಾನೆ. ಸ್ಪಾರ್ಟಾದ ಇಬ್ಬರು ರಾಜರೂ ಹೆರಾಕ್ಲೀಸನ ಸಂತತಿಯೆಂದು ಎಣಿಸಲ್ಪಟ್ಟವರು. ಥರ್ಮಾಪಿಲೆಯಲ್ಲಿ ಮಡಿದ ಲಿಯೊನಿಡಾಸನನ್ನು ಪರಿಚಯಿಸುವಾಗ ಇತಿಹಾಸಕಾರ ಹೆರೊಡೊಟಸ್ ತಂದೆ, ಅಜ್ಜ, ಮುತ್ತಜ್ಜ ಎಂದು ಒಂದೊಂದೇ ಹೆಸರನ್ನು ಹೇಳುತ್ತ ಹೆರಾಕ್ಲೀಸನವರೆಗೆ ಹೋಗುತ್ತಾನೆ. ಅದೇ ಹೆರೊಡೊಟಸ್ ಹೇಳುವ ಇನ್ನೊಂದು ಪ್ರಸಂಗವಿದೆ. ಮೈಲೀಟಸಿನ ಹೆಕಟೇಯಸ್ ಈಜಿಪ್ಟಿನ ಥೀಬ್ಸಿಗೆ ಹೋಗಿ, ತನ್ನ ಹದಿನಾರನೆಯ ಪೂರ್ವಜ ಒಬ್ಬ ದೇವರು ಎಂದು ಅಲ್ಲಿನ ಅರ್ಚಕರ ಮುಂದೆ ಹೇಳಿದನಂತೆ. ಅರ್ಚಕರು ಅವನನ್ನು ದೇವಾಲಯದ ಒಳಗೆ ಕರೆದುಕೊಂಡು ಹೋಗಿ, ತಂದೆಯ ನಂತರ ಮಗನಂತೆ ಪಟ್ಟಕ್ಕೆ ಬಂದ ಮಹಾಅರ್ಚಕರ ಮರದ ಪ್ರತಿಮೆಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಒಟ್ಟು 345. ಎಲ್ಲರೂ ಮನುಷ್ಯರಿಗೆ ಹುಟ್ಟಿದ ಮನುಷ್ಯರು, ದೇವರು ಒಬ್ಬನೂ ಇಲ್ಲ. ಈ ಹೆಕಟೇಯಸನೇ ವಂಶಾವಳಿಗಳ ಮೇಲೆ ಗ್ರಂಥ ಬರೆದು, ಗ್ರೀಕರ ಕಥೆಗಳು ಹಲವು ಮತ್ತು ನಗೆ ತರಿಸುವಂಥವು ಎಂದು ಆರಂಭದಲ್ಲಿಯೇ ಘೋಷಿಸಿದವನು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಹಲವು ಎಂಬುದೇ ಅವನನ್ನು ಕಾಡಿದ ಸಮಸ್ಯೆ.

ವಂಶಾವಳಿ ಬೈಗುಳವೂ ಆಗಬಲ್ಲದು. ಹೋಮರನಲ್ಲಿ ಒಡಿಸ್ಯೂಸನ ತಂದೆ ಲಾಯರ್ಟೀಸ್, ಅದರಲ್ಲಿ ಸಂದೇಹವೇ ಇಲ್ಲ. ಆದರೆ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಅಶ್ವತ್ಥಾಮನ್ ಎಂದು ಕನ್ನಡಕ್ಕೆ ರೂಪಾಂತರಿಸಿದ ಸೊಫೊಕ್ಲೀಸನ ನಾಟಕವಿದೆಯಲ್ಲ, ಅದರ ಮೂಲವಾದ ಏಜಾಕ್ಸ್ ನಾಟಕದಲ್ಲಿ ಮೇಳದವರು ಒಡಿಸ್ಯೂಸನನ್ನು ಸಿಸಿಫಸನ ಕೆಟ್ಟ ಸಂತಾನವೆಂದು ಜರಿಯುತ್ತಾರೆ. ಗ್ರೀಕ್ ವೀರ ಫಿಲೊಕ್ಟೀಟಿಸ್ ಕೂಡ ಇನ್ನೊಂದು ನಾಟಕದಲ್ಲಿ ಅದೇ ಮಾತನ್ನು ಎತ್ತುತ್ತಾನೆ. ಸಾವನ್ನೇ ವಂಚಿಸಿದ ಧೂರ್ತ ಸಿಸಿಫಸನಿಂದ ಗರ್ಭಿಣಿಯಾದ ಮೇಲೆ ಒಡಿಸ್ಯೂಸನ ತಾಯಿ ಲಾಯರ್ಟೀಸನನ್ನು ಮದುವೆಯಾದಳೆಂಬ ಈ ಕಥೆ ಈ ನಾಟಕಗಳಲ್ಲಿ ಒಡಿಸ್ಯೂಸನ ಶತ್ರುಗಳ ಬಾಯಲ್ಲಿ ಬರುತ್ತದೆ.

ಈಗ ನನಗೆ ಅತ್ಯಂತ ಮಹತ್ವದ್ದೆಂದು ತೋರುವ ಉದಾಹರಣೆಗೆ ಬರುತ್ತೇನೆ. ಗ್ರೀಕರು ತಮ್ಮನ್ನು ಹೆಲ್ಲೀನರು ಎಂದು ಕರೆದುಕೊಂಡರು. ಅವರ ಮೂಲಪುರುಷ ಹೆಲ್ಲೆನ್, ಪ್ರಳಯದಿಂದ ಪಾರಾದ ಡ್ಯೂಕೇಲಿಯನನ ಮಗ. ಟ್ರಾಯ್ ಯುದ್ಧದ ಹೆಲೆನ್ ಬೇರೆ, ಇವನು ಬೇರೆ. ಪ್ರಾಚೀನರು ಹೆಸಿಯಡನದೆಂದು ನಂಬಿದ್ದ, ಇಂದು ತುಣುಕುಗಳಲ್ಲಿ ಮಾತ್ರ ಉಳಿದಿರುವ ಸ್ತ್ರೀಯರ ನಾಮಾವಳಿ ಎಂಬ ಕಾವ್ಯದ ಪ್ರಕಾರ ಹೆಲ್ಲೆನನಿಗೆ ಡೋರಸ್, ಕ್ಸೂಥಸ್, ಈಯೊಲಸ್ ಎಂಬ ಮೂವರು ಮಕ್ಕಳು. ಕ್ಸೂಥಸನ ಮಕ್ಕಳು ಅಯಾನ್ ಮತ್ತು ಅಕೇಯಸ್. ಡೋರಸನಿಂದ ಡೋರಿಯನ್ನರು, ಅಯಾನನಿಂದ ಅಯೋನಿಯನ್ನರು, ಈಯೊಲಸನಿಂದ ಈಯೋಲಿಯನ್ನರು, ಅಕೇಯಸನಿಂದ ಅಕೇಯನ್ನರು. ಇದು ಕಥೆಯ ರೂಪದಲ್ಲಿರುವ ಜನಾಂಗಗಳ ನಕ್ಷೆ. ಇದರಲ್ಲಿ ಸ್ಪಾರ್ಟಾದವರ ಮೂಲಪುರುಷ ಡೋರಸ್ ಹೆಲ್ಲೆನನ ನೇರ ಮಗ, ಅಥೆನ್ಸಿನವರ ಮೂಲಪುರುಷ ಅಯಾನ್ ಮೊಮ್ಮಗ. ಅಂದರೆ ಡೋರಸ್ ಅಯಾನನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕು.

ಅಥೆನ್ಸ್ ಮತ್ತು ಸ್ಪಾರ್ಟಾಗಳ ನಡುವೆ ಕ್ರಿ.ಪೂ. 431ರಿಂದ 404ರವರೆಗೆ ನಡೆದ ಪೆಲೊಪನೇಸಿಯನ್ ಯುದ್ಧದ ವರ್ಷಗಳಲ್ಲಿ ಯೂರಿಪಿಡೀಸ್ ಅಯಾನ್ ಎಂಬ ನಾಟಕವನ್ನು ಬರೆದ. ಅದರಲ್ಲಿ ಅಯಾನನ ತಂದೆ ಕ್ಸೂಥಸ್ ಅಲ್ಲ, ಅಪೋಲೋ. ತಾಯಿ ಕ್ರಿಯೂಸಾ, ಅಥೆನ್ಸಿನ ಮಣ್ಣಿನಿಂದಲೇ ಹುಟ್ಟಿದವರೆಂದು ಹೇಳಿಕೊಳ್ಳುವ ರಾಜವಂಶದವಳು. ಅಪೋಲೋ ಅವಳನ್ನು ಅಕ್ರೊಪೊಲಿಸ್ ಬಂಡೆಯ ಅಡಿಯ ಗುಹೆಯಲ್ಲಿ ಬಲಾತ್ಕರಿಸುತ್ತಾನೆ. ಹುಟ್ಟಿದ ಮಗುವನ್ನು ಅವಳು ಅಲ್ಲಿಯೇ ಬುಟ್ಟಿಯಲ್ಲಿಟ್ಟು ಬಿಟ್ಟುಬರುತ್ತಾಳೆ, ದೇವದೂತ ಹರ್ಮೀಸ್ ಅದನ್ನು ಅಪೋಲೋನ ಕ್ಷೇತ್ರವಾದ ಡೆಲ್ಫಿಗೆ ಒಯ್ಯುತ್ತಾನೆ. ಮಗು ಅಲ್ಲಿ ದೇವಾಲಯದ ಸೇವಕನಾಗಿ ಬೆಳೆಯುತ್ತದೆ; ಆರಂಭದಲ್ಲಿ ನಾವು ಕಾಣುವುದು ಲಾರೆಲ್ ಕೊಂಬೆಯಿಂದ ಅಂಗಳ ಗುಡಿಸುತ್ತ, ಕಾಣಿಕೆಗಳ ಮೇಲೆ ಎರಗುವ ಹಕ್ಕಿಗಳನ್ನು ಬಿಲ್ಲು ತೋರಿಸಿ ಓಡಿಸುವ ಹುಡುಗನನ್ನು. ಮಕ್ಕಳಿಲ್ಲದ ಕ್ಸೂಥಸ್ ಮತ್ತು ಕ್ರಿಯೂಸಾ ಡೆಲ್ಫಿಗೆ ಬರುತ್ತಾರೆ. ಗರ್ಭಗುಡಿಯಿಂದ ಹೊರಬರುವಾಗ ಮೊದಲು ಎದುರಾದವನು ನಿನ್ನ ಮಗ ಎಂಬ ದೇವವಾಣಿ ಕ್ಸೂಥಸನಿಗೆ ಆಗುತ್ತದೆ. ಗಂಡನ ಅಕ್ರಮ ಮಗನೆಂದು ಭಾವಿಸಿ ಕ್ರಿಯೂಸಾ ಹುಡುಗನಿಗೆ ವಿಷ ಹಾಕಿಸುತ್ತಾಳೆ. ಚೆಲ್ಲಿದ ದ್ರಾಕ್ಷಾರಸವನ್ನು ಕುಡಿದ ಪಾರಿವಾಳ ಒದ್ದಾಡಿ ಸಾಯುವುದರಿಂದ ಅವನು ಉಳಿಯುತ್ತಾನೆ. ಕೊನೆಗೆ ಆ ಹಳೆಯ ಬುಟ್ಟಿ ಹೊರಬರುತ್ತದೆ. ಅದನ್ನು ತೆರೆಯುವ ಮೊದಲೇ ಕ್ರಿಯೂಸಾ ಒಳಗಿರುವುದನ್ನು ಹೇಳುತ್ತಾಳೆ: ತಾನು ಹುಡುಗಿಯಾಗಿದ್ದಾಗ ನೇಯ್ದ ಬಟ್ಟೆ, ಅದರ ನಡುವೆ ಗಾರ್ಗನ್ ಎಂಬ ರಾಕ್ಷಸಿಯ ತಲೆ, ಚಿನ್ನದ ಹಾವುಗಳು, ಆಲಿವ್ ಎಲೆಗಳ ಹಾರ.

ಕಣ್ಣಲ್ಲಿ ನೀರು ತರಿಸುವ ಈ ಗುರುತಿನ ದೃಶ್ಯದ ಬೆನ್ನಿಗೇ ಅಥೀನಾ ಬಂದು ವಂಶಾವಳಿಯನ್ನು ಹೊಸದಾಗಿ ಬರೆಯುತ್ತಾಳೆ. ಅಯಾನನ ನಾಲ್ವರು ಮಕ್ಕಳಿಂದ ಅಥೆನ್ಸಿನ ನಾಲ್ಕು ಕುಲಗಳು. ಅವರ ಸಂತತಿಯಿಂದ ದ್ವೀಪಗಳಲ್ಲೂ ಏಷ್ಯಾದ ಕರಾವಳಿಯಲ್ಲೂ ಅಯೋನಿಯನ್ ಊರುಗಳು. ಅಂದು ಅಥೆನ್ಸಿಗೆ ಕಪ್ಪ ಕೊಡುತ್ತಿದ್ದ ಬಹುಪಾಲು ಊರುಗಳು ಅವೇ. ಇನ್ನು ಕ್ರಿಯೂಸಾ ಮತ್ತು ಕ್ಸೂಥಸ್ ಇಬ್ಬರಿಗೆ ಮುಂದೆ ಹುಟ್ಟುವವರು ಡೋರಸ್ ಮತ್ತು ಅಕೇಯಸ್. ಅಯಾನನಿಗೆ ಹಿರಿಯನಾಗಿದ್ದ ಡೋರಸ್ ಅವನ ತಮ್ಮನಾದ. ಅಣ್ಣ ದೇವರ ಮಗ, ತಮ್ಮ ಮನುಷ್ಯನ ಮಗ, ಅದೂ ಅಥೆನ್ಸಿನ ತಾಯಿಯಲ್ಲಿ. ಯುದ್ಧದ ನಡುವೆ, ಡಯೊನೈಸಸ್ ದೇವರ ರಂಗಮಂದಿರದಲ್ಲಿ ಕುಳಿತ ಅಥೆನ್ಸಿನ ಪ್ರೇಕ್ಷಕರಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ಯೂರಿಪಿಡೀಸ್ ಬರಿಯ ಪ್ರಚಾರಕನಲ್ಲ. ಕ್ರಿ.ಪೂ. 451ರ ಸುಮಾರಿಗೆ ಪೆರಿಕ್ಲೀಸ್ ತಂದ ಕಾನೂನಿನಂತೆ ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ ಸಿಗುತ್ತಿತ್ತು. ಕ್ಸೂಥಸ್ ನನ್ನ ಮಗನೇ ಬಾ ಎಂದು ಕರೆದಾಗ ಹುಡುಗ ಹಿಂಜರಿಯುತ್ತಾನೆ: ಪರದೇಶಿಯ ಮಗ, ಅದರ ಮೇಲೆ ವಿವಾಹದಾಚೆ ಹುಟ್ಟಿದವನು, ಆ ಊರಿನಲ್ಲಿ ನನ್ನನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎನ್ನುತ್ತಾನೆ. ತಾಯಿಯ ಹೆಸರು ಗೊತ್ತಿಲ್ಲದ ಮಗನೊಬ್ಬನ ಆತಂಕ ಅಲ್ಲಿ ನಿಜವಾಗಿದೆ. ನಗರಕ್ಕೆ ಬೇಕಾದ ವಂಶಾವಳಿಯನ್ನು ಕೊಡುತ್ತಲೇ, ಅಂಥ ವಂಶಾವಳಿ ಒಬ್ಬ ಹೆಣ್ಣಿನ ಮೇಲೆ ನಡೆದ ಹಿಂಸೆಯನ್ನು ಹೊತ್ತುಕೊಂಡಿರುವುದನ್ನೂ ಆತ ಮುಚ್ಚಿಡುವುದಿಲ್ಲ.

ಇದೇ ನಕ್ಷೆಯ ಅಂಚಿನಲ್ಲಿ ಮ್ಯಾಸಿಡೋನಿಯ ನಿಂತಿದೆ. ನಾಮಾವಳಿ ಕಾವ್ಯದಲ್ಲಿ ಮ್ಯಾಸಿಡಾನ್ ಎಂಬವನು ಡ್ಯೂಕೇಲಿಯನನ ಮಗಳು ಥೈಯಾಳಲ್ಲಿ ಜ್ಯೂಸನಿಗೆ ಹುಟ್ಟಿದವನು, ಅಂದರೆ ಹೆಲ್ಲೆನನ ಸೋದರಳಿಯ. ಅವನು ನಂಟ, ಆದರೆ ಹೆಲ್ಲೆನನ ಸಂತತಿಯೊಳಗಿನವನಲ್ಲ. ಕ್ರಿ.ಪೂ. 5ನೆಯ ಶತಮಾನದ ಇತಿಹಾಸಕಾರ ಹೆಲ್ಲನೈಕಸ್ ಅವನನ್ನು ಈಯೊಲಸನ ಮಗನೆಂದು ಬರೆದ. ಒಂದು ಗೆರೆ ಬದಲಾದದ್ದರಿಂದ ಮ್ಯಾಸಿಡೋನಿಯನ್ನರು ಹೆಲ್ಲೀನರಾದರು. ಈ ಎರಡೂ ಪಾಠಗಳು ನಮಗೆ ಸಿಗುವುದು 10ನೆಯ ಶತಮಾನದ ಬೈಜಾಂಟೈನ್ ಚಕ್ರವರ್ತಿ ಕಾನ್‌ಸ್ಟಾಂಟೈನ್ ಪೋರ್ಫಿರೊಜೆನಿಟಸ್ ತನ್ನ ಸಾಮ್ರಾಜ್ಯದ ಪ್ರಾಂತಗಳನ್ನು ವರ್ಣಿಸುತ್ತ ಅವನ್ನು ಉದ್ಧರಿಸಿದ್ದರಿಂದ. ಇದು ಪುಸ್ತಕದ ಜಗಳ ಮಾತ್ರವಾಗಿರಲಿಲ್ಲ. ಮ್ಯಾಸಿಡೋನಿಯದ ರಾಜ ಒಂದನೆಯ ಅಲೆಕ್ಸಾಂಡರ್ ಒಲಿಂಪಿಯದ ಓಟಕ್ಕೆ ಬಂದಾಗ, ಸ್ಪರ್ಧೆ ಗ್ರೀಕರಿಗೆ ಮಾತ್ರ, ಪರಕೀಯರಿಗಲ್ಲ ಎಂದು ಇತರ ಓಟಗಾರರು ತಡೆದರೆಂದು ಹೆರೊಡೊಟಸ್ ಬರೆಯುತ್ತಾನೆ. ಅಲೆಕ್ಸಾಂಡರ್ ತನ್ನ ಮನೆತನ ಆರ್ಗಾಸ್ ನಗರದ ಟೆಮೆನಸನಿಂದ, ಅವನ ಮೂಲಕ ಹೆರಾಕ್ಲೀಸನಿಂದ ಬಂದದ್ದೆಂದು ತೋರಿಸಿಕೊಟ್ಟ ಮೇಲೆಯೇ ತೀರ್ಪುಗಾರರು ಅವನನ್ನು ಗ್ರೀಕನೆಂದು ಒಪ್ಪಿ ಓಡಲು ಬಿಟ್ಟರು. ಅವನು ಮೊದಲಿಗನ ಸಮಕ್ಕೆ ಓಡಿದ. ಇಲ್ಲಿಯೂ ಸೂಕ್ಷ್ಮವಾದ ಒಂದು ಅಂಶವಿದೆ. ಆ ಪುರಾವೆ ರಾಜಮನೆತನದ್ದು, ಪ್ರಜೆಗಳದ್ದಲ್ಲ.

ವೈದ್ಯದೇವತೆ ಅಸ್ಕ್ಲೀಪಿಯಸನ ತಾಯಿಯ ವಿಷಯದಲ್ಲಿ ಜಗಳ ಡೆಲ್ಫಿಯ ದೇವವಾಣಿಯವರೆಗೆ ಹೋಯಿತು. ಅವನ ತಾಯಿ ಥೆಸಲಿಯ ಕೊರೊನಿಸ್ ಎಂಬುದು ಪಿಂಡಾರನ ಪಾಠ. ಮೆಸ್ಸೀನಿಯದವರು ತಮ್ಮ ನಾಡಿನ ಲ್ಯೂಸಿಪ್ಪಸನ ಮಗಳು ಆರ್ಸಿನೋಯೆ ಎನ್ನುತ್ತಿದ್ದರು. ಎಪಿಡಾರಸಿನಲ್ಲಿ ಅಸ್ಕ್ಲೀಪಿಯಸನ ದೊಡ್ಡ ಕ್ಷೇತ್ರವಿತ್ತು. ರೋಗಿಗಳು ದೂರದೂರದಿಂದ ಬಂದು ಅಲ್ಲಿ ಮಲಗಿ, ಕನಸಿನಲ್ಲಿ ದೇವರಿಂದ ಚಿಕಿತ್ಸೆ ಪಡೆಯುತ್ತಿದ್ದರು. ಅಂಥ ಕ್ಷೇತ್ರದ ದೇವರು ಬೇರೆ ಊರಿನಲ್ಲಿ ಹುಟ್ಟಿದವನಾದರೆ ಹೇಗೆ? ಕ್ರಿ.ಪೂ. 300ರ ಸುಮಾರಿಗೆ ಆ ಊರಿನ ಇಸಿಲಸ್ ಎಂಬ ಕವಿ ಕ್ಷೇತ್ರದಲ್ಲಿ ಕಲ್ಲಿನ ಮೇಲೆ ಕೊರೆಸಿದ ಸ್ತೋತ್ರ ಇಂದಿಗೂ ಉಳಿದಿದೆ. ಅದರಲ್ಲಿ ಕೊರೊನಿಸಳ ತಂದೆ ಫ್ಲೆಗಿಯಾಸ್ ಎಪಿಡಾರಸಿನ ನಿವಾಸಿ. ಅವನು ಮದುವೆಯಾದದ್ದು ಮಾಲಸ್ ಮತ್ತು ಕಲಾದೇವತೆ ಎರಾಟೊ ಇವರ ಮಗಳು ಕ್ಲಿಯೊಫೀಮಾಳನ್ನು. ಅವರ ಮಗಳ ನಿಜವಾದ ಹೆಸರು ಐಗ್ಲಾ, ಕೊರೊನಿಸ್ ಎಂಬುದು ಅವಳ ಚೆಲುವಿಗಾಗಿ ಬಂದ ಅಡ್ಡಹೆಸರು. ಪ್ರಸಿದ್ಧವಾದ ಹೆಸರನ್ನು ಬಿಡದೆಯೇ ಇಡೀ ಮನೆತನವನ್ನು ಥೆಸಲಿಯಿಂದ ಕಿತ್ತು ತನ್ನ ಊರಿನಲ್ಲಿ ನೆಟ್ಟ ಚಾತುರ್ಯ ಇದು. ಅಪೊಲೊಫೇನೀಸ್ ಎಂಬ ಆರ್ಕೇಡಿಯದವನು ಡೆಲ್ಫಿಗೆ ಹೋಗಿ, ಅಸ್ಕ್ಲೀಪಿಯಸ್ ಆರ್ಸಿನೋಯೆಯ ಮಗನೇ, ಮೆಸ್ಸೀನಿಯದವನೇ ಎಂದು ನೇರವಾಗಿ ಕೇಳಿದಾಗ, ಫ್ಲೆಗಿಯಾಸನ ಮಗಳು ಎಪಿಡಾರಸಿನಲ್ಲಿ ಹೆತ್ತಳೆಂದು ಉತ್ತರ ಬಂತೆಂದು ಪೌಸೇನಿಯಸ್ ದಾಖಲಿಸುತ್ತಾನೆ. ಆರ್ಸಿನೋಯೆಯ ಪಾಠವನ್ನು ಹೆಸಿಯಡನೋ ಅವನ ಕಾವ್ಯದೊಳಗೆ ಸಾಲು ಸೇರಿಸಿದವರೋ ಮೆಸ್ಸೀನಿಯದವರನ್ನು ಮೆಚ್ಚಿಸಲು ಕಟ್ಟಿದರೆಂದೂ ಸೇರಿಸುತ್ತಾನೆ. ವಂಶಾವಳಿಯನ್ನು ಯಾರ ಮೆಚ್ಚುಗೆಗಾಗಿ ಬರೆಯಲಾಯಿತು ಎಂಬ ಪ್ರಶ್ನೆ ಆಧುನಿಕರು ಕಂಡುಹಿಡಿದದ್ದಲ್ಲ.

ಭಿನ್ನ ಪಾಠಗಳನ್ನು ಹೊಂದಿಸಲು ಪ್ರಾಚೀನರು ಹಿಡಿದ ದಾರಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು, ಇಬ್ಬರು ತಂದೆಯರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು. ಥೀಸಿಯಸನಿಗೆ ಅಥೆನ್ಸಿನ ಸಿಂಹಾಸನ ಸಿಗಬೇಕಾದರೆ ರಾಜ ಈಜಿಯಸ್ ತಂದೆಯಾಗಬೇಕು, ವೀರನಾಗಿ ಹೊಳೆಯಬೇಕಾದರೆ ಕಡಲ ದೇವತೆ ಪೊಸೈಡನ್ ತಂದೆಯಾಗಬೇಕು. ಬ್ಯಾಕಿಲಿಡೀಸ್ ಕವಿಯ ಹಾಡಿನಲ್ಲಿ ಕ್ರೀಟ್ ದ್ವೀಪದ ರಾಜ ಮೈನಾಸ್ ಹಡಗಿನಿಂದ ಉಂಗುರವನ್ನು ಕಡಲಿಗೆ ಎಸೆದು, ಪೊಸೈಡನನ ಮಗನಾದರೆ ತೆಗೆದುಕೊಂಡು ಬಾ ಎಂದು ಸವಾಲು ಹಾಕುತ್ತಾನೆ. ಥೀಸಿಯಸ್ ಮುಳುಗಿ, ಪೊಸೈಡನನ ಹೆಂಡತಿ ಆಂಫಿಟ್ರೈಟಿ ತೊಡಿಸಿದ ನೇರಳೆ ವಸ್ತ್ರದಲ್ಲಿ, ಮೈ ಒದ್ದೆಯಾಗದೆ ಮೇಲೆ ಬರುತ್ತಾನೆ. ಉಂಗುರದ ಮಾತನ್ನು ಕವಿ ಮತ್ತೆ ಎತ್ತುವುದೇ ಇಲ್ಲ, ಏಕೆಂದರೆ ತಂದೆ ಯಾರೆಂಬುದು ಅಷ್ಟರಲ್ಲಿ ರುಜುವಾತಾಗಿದೆ. ಎರಡನೆಯ ದಾರಿ, ಒಬ್ಬನನ್ನು ಹಲವರಾಗಿ ಒಡೆಯುವುದು. ರೋಮಿನ ಸಿಸೆರೊ ದೇವತೆಗಳ ಸ್ವರೂಪವನ್ನು ಕುರಿತ ಗ್ರಂಥದಲ್ಲಿ ಮೂವರು ಜುಪಿಟರರು, ಐವರು ಮರ್ಕ್ಯುರಿಗಳು, ನಾಲ್ವರು ವೀನಸ್‌ಗಳು ಎಂಬ ಪಟ್ಟಿಯನ್ನೇ ಕೊಡಿಸುತ್ತಾನೆ. ಮೂರನೆಯದು ಅಪೊಲೊಡೋರಸನ ಹೆಸರಿನಲ್ಲಿ ಉಳಿದಿರುವ ಪುರಾಣಸಂಗ್ರಹದ ಮಾರ್ಗ: ಅಯೋ ಎಂಬವಳು ಇಯಾಸಸನ ಮಗಳು, ಅನೇಕ ದುರಂತನಾಟಕಕಾರರ ಪ್ರಕಾರ ಇನಾಕಸನ ಮಗಳು, ಹೆಸಿಯಡನ ಪ್ರಕಾರ ಪೈರೆನನ ಮಗಳು ಎಂದು ಹೆಸರು ಹೆಸರು ಹಿಡಿದು ಹೇಳಿ ಮುಂದೆ ನಡೆಯುವುದು. ನಾನು ಈ ಮೂರನೆಯವನ ಕಡೆಗೆ ನಿಲ್ಲುವವನು. ಅವನಲ್ಲಿ ಯಾವ ಊರಿನ ದನಿಯೂ ಅಳಿಯುವುದಿಲ್ಲ.

ವಂಶಾವಳಿಯ ಬಳಕೆ ಗ್ರೀಕರಲ್ಲಿ ಮುಗಿಯಲಿಲ್ಲ. ಆಗ ಹೇಳಿದ ಇಲಿಯಡ್ ದೃಶ್ಯದಲ್ಲಿ ಆಫ್ರೊಡೈಟಿ ಕೈಬಿಟ್ಟ ಈನಿಯಸನನ್ನು ರೋಮನ್ನರು ತಮ್ಮ ಮೂಲಪುರುಷನಾಗಿ ಸ್ವೀಕರಿಸಿದರು. ಜೂಲಿಯಸ್ ಸೀಸರನ ಮನೆತನ ತಾನು ಅವನ ಮಗ ಯೂಲಸನ ಮೂಲಕ ವೀನಸಳಿಂದ, ಅಂದರೆ ರೋಮನ್ನರ ಆಫ್ರೊಡೈಟಿಯಿಂದ, ಬಂದದ್ದೆಂದು ಹೇಳಿಕೊಂಡಿತು. ಸೀಸರ್ ಕ್ರಿ.ಪೂ. 69ರಲ್ಲಿ ಸೋದರತ್ತೆಯ ಅಂತ್ಯಕ್ರಿಯೆಯ ಭಾಷಣದಲ್ಲಿ ಇದನ್ನು ಬಹಿರಂಗವಾಗಿ ನುಡಿದ, ಕ್ರಿ.ಪೂ. 46ರಲ್ಲಿ ಕುಲಮಾತೆ ವೀನಸಳ ದೇವಾಲಯವನ್ನು ರೋಮಿನ ನಡುವೆ ಪ್ರತಿಷ್ಠಾಪಿಸಿದ. ಸೀಸರನ ದತ್ತುಪುತ್ರ ಅಗಸ್ಟಸ್ ಆಳುತ್ತಿದ್ದಾಗಲೇ ಇತಿಹಾಸ ಬರೆದ ಲಿವಿ ಈ ಘಟ್ಟಕ್ಕೆ ಬರುತ್ತಾನೆ. ಈನಿಯಸನ ನಂತರ ಬಂದ ಅಸ್ಕೇನಿಯಸ್ ಇಟಲಿಯ ಲವಿನಿಯಾಳ ಮಗನೋ, ಅಥವಾ ಟ್ರಾಯ್ ಇನ್ನೂ ನಿಂತಿದ್ದಾಗ ಆ ಊರಿನ ಕ್ರಿಯೂಸಾಳಲ್ಲಿ (ಅಯಾನನ ತಾಯಿಯಲ್ಲ, ಬೇರೊಬ್ಬಳು) ಹುಟ್ಟಿ, ತಂದೆಯೊಡನೆ ತಪ್ಪಿಸಿಕೊಂಡು ಬಂದ, ಜೂಲಿಯಸ್ ಮನೆತನ ಯೂಲಸ್ ಎಂದು ಕರೆಯುವ ಹುಡುಗನೋ? ಇಷ್ಟು ಹಳೆಯ ಸಂಗತಿಯನ್ನು ಖಚಿತವಾಗಿ ಯಾರು ಹೇಳಬಲ್ಲರು ಎಂದು ಕೇಳಿ, ಚಕ್ರವರ್ತಿಯ ಕುಲಪುರುಷನ ತಾಯಿ ಯಾರೆಂಬುದನ್ನು ತೀರ್ಮಾನಿಸದೆಯೇ ಲಿವಿ ಆಲ್ಬಾ ನಗರದ ಸ್ಥಾಪನೆಯ ಕಥೆಗೆ ಹೋಗುತ್ತಾನೆ.